ಗುಂಟೆಗೆ 86 ರೂಪಾಯಿ

‘ರೈತರಿಗೆ ಎಷ್ಟು ಕೊಟ್ಟರೂ ಸಾಲದು’ ಅನ್ನುವ ಮಾತು ಮಂಡ್ಯದ ಬಸ್ಸಿನಲ್ಲೂ ಕೇಳಿದ್ದೇನೆ, ಓದಿದವರ ಬಾಯಲ್ಲೂ ಕೇಳಿದ್ದೇನೆ. ಎಷ್ಟು ಕೊಟ್ಟಿದ್ದಾರೆ ಅಂತ ಮೊದಲು ನೋಡೋಣ. 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಂತೆ ಬರ ಪರಿಹಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500. ಅದೂ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋಗಿದ್ದರೆ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಾಗಮಂಗಲದ ರಾಗಿ ಹೊಲಕ್ಕೆ ಇದು ಗುಂಟೆಗೆ ಸುಮಾರು 86 ರೂಪಾಯಿ. ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ, ಕಳೆ ಕೂಲಿ ಕೊಟ್ಟವನಿಗೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ.

‘ಕನ್ನಂಬಾಡಿ ಕಟ್ಟೆ ಪಕ್ಕದಲ್ಲೇ ಇದೆ, ನಿಮಗೇಕೆ ಬರ ಪರಿಹಾರ?’ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ನಾಲೆ ಇದೆ, ನಿಜ. ಕೆ.ಆರ್. ಪೇಟೆಯ ಒಂದಿಷ್ಟು ಊರುಗಳಿಗೆ ಹೇಮಾವತಿ ಇದೆ. ನಾಗಮಂಗಲದ ಬಹುಪಾಲು ಹೊಲ ಮುಗಿಲನ್ನೇ ನಂಬಿದೆ. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆಯೇ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟದೆ ಹೋದಾಗ ನಾಲೆಯ ಪಕ್ಕದವನೂ ಮುಗಿಲು ನೋಡಬೇಕಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತ್ತು.

‘ವಿಮೆ ಮಾಡಿಸಬೇಕಿತ್ತು’ ಅನ್ನುತ್ತಾರೆ. ಫಸಲ್ ಬಿಮಾ ಯೋಜನೆಯಲ್ಲಿ ಬರದ ನಷ್ಟಕ್ಕೆ ಒಬ್ಬೊಬ್ಬ ರೈತನ ಹೊಲವನ್ನು ಅಳೆಯುವುದಿಲ್ಲ. ಪಂಚಾಯಿತಿಯದೋ ಹೋಬಳಿಯದೋ ಬೆಳೆ ಕಟಾವಿನ ಸರಾಸರಿ ಹಿಡಿಯುತ್ತಾರೆ. ಪಕ್ಕದ ಊರಿಗೆ ಒಂದು ಮಳೆ ಬಿದ್ದರೆ ಇವನ ಒಣಗಿದ ಹೊಲ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಸಾಲಮನ್ನಾ ರೈತನನ್ನು ಕೆಡಿಸುತ್ತದೆ ಎಂಬ ವಾದದಲ್ಲಿ ಒಂದಂಶ ಒಪ್ಪುತ್ತೇನೆ, ಮನ್ನಾ ಒಂದೇ ಸಾಲದು: ಮನ್ನಾ ಆಗುವುದು ಬ್ಯಾಂಕು, ಸೊಸೈಟಿಯ ಬೆಳೆ ಸಾಲ, ಕೈಸಾಲ ಹಾಗೇ ಉಳಿಯುತ್ತದೆ. ಆದರೆ ಕೆಡಿಸಿದ್ದು ಮನ್ನಾ ಅಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿ 2020ರಲ್ಲಿ ಗುತ್ತಿಗೆಗೆ ಹೋಯಿತು. ಕಬ್ಬು ಎಲ್ಲಿ ಅರೆಯಬೇಕೆಂದು ಗೊತ್ತಿಲ್ಲದೆ ನಿಂತವನ ಸಾಲ ಸೋಮಾರಿತನದಿಂದ ಬೆಳೆದದ್ದಲ್ಲ.

‘ನಿಜವಾದ ರೈತರಿಗೆ ಈ ಪರಿಹಾರ ಸೇರುವುದೇ ಇಲ್ಲ.’ ಇದನ್ನು ಪೂರಾ ಒಪ್ಪುತ್ತೇನೆ, ಹಾಗಂತ ನಿಲ್ಲಿಸಿಬಿಡಿ ಅನ್ನುವುದನ್ನು ಒಪ್ಪಲಾರೆ. ನಮ್ಮ ಚಿಕ್ಕಮ್ಮನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಪಹಣಿ, ಆಧಾರ್, ಪಾಸ್‌ಬುಕ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಅಮ್ಮ, ಪಹಣಿ ನಿಮ್ಮ ಮಾವನವರ ಹೆಸರಲ್ಲೈತೆ. ನಿಮ್ಗೆ ಎಫ್‌ಐಡಿ ಆಗಲ್ಲ.”

“ಅವ್ರು ತೀರ್ಕೊಂಡು ಒಂಬತ್ತು ವರ್ಷ ಆಯ್ತು ಸ್ವಾಮಿ. ಉತ್ತೋಳೂ ನಾನೇ, ಬಿತ್ತೋಳೂ ನಾನೇ.”

ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಕೊಡುವ ಫ್ರೂಟ್ಸ್ ತಂತ್ರಾಂಶಕ್ಕೆ ಈ ಮಾತು ಕೇಳಿಸುವುದಿಲ್ಲ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಮೂವರು ಮೈದುನರ ಸಹಿ ಬೇಕು, ಒಬ್ಬರು ಬೆಂಗಳೂರು ಸೇರಿ ಎಷ್ಟೋ ಕಾಲವಾಯಿತು. ಕಿಸಾನ್ ಸಮ್ಮಾನ್‌ನ ವರ್ಷದ 6,000ಕ್ಕೂ ಜಮೀನು ಹೆಸರಲ್ಲೇ ಇರಬೇಕು. ಬೇರೆಯವರ ಹೊಲವನ್ನು ವಾರಕ್ಕೆ ಮಾಡುವವನಿಗೆ ಅದೂ ಇಲ್ಲ.

ಸೇರಿದವರಿಗಾದರೂ ಯಾವಾಗ ಸೇರಿತು? 2023ರ ಬರಕ್ಕೆ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಅಷ್ಟರಲ್ಲಿ ಮುಂದಿನ ಪೂರ್ವ ಮುಂಗಾರಿನ ಉಳುಮೆಯೇ ಶುರುವಾಗಿತ್ತು. ಚಿಕ್ಕಮ್ಮ ಆ ಉಳುಮೆಗೆ ಕಿವಿಯೋಲೆ ಅಡವಿಟ್ಟಿದ್ದರು. ಅದನ್ನಿನ್ನೂ ಬಿಡಿಸಿಕೊಂಡಿಲ್ಲ.