ಕ್ಯಾಂಪಸ್ ಸುದ್ದಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಓದಿನ ಬಗ್ಗೆ ಬರುವ ಬರಹಗಳಲ್ಲೆಲ್ಲ ಹಾರ್ವರ್ಡ್, ಸ್ಟ್ಯಾನ್‌ಫೋರ್ಡ್‌ಗಳದೇ ಮಾತು. ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳ ಹೆಸರು ಬರುವುದೇ ಅಪರೂಪ.

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಬರೀ ಆರು ವಿದ್ಯಾರ್ಥಿಗಳಿಂದ ಶುರುವಾದ ಪ್ರಯೋಗ ಈಗ ದೇಶದ ತುಂಬ ಹಬ್ಬಿದೆ. ಕನ್ನಡಿಗರ ಮನೆಗಳು ಸಾಕಷ್ಟಿರುವ ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿ 1967ರಿಂದ ಡಿ ಆನ್ಜಾ ಕಾಲೇಜಿದೆ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೆಲಕಾಲ ಓದಿದ್ದು ಇಲ್ಲೇ. ಆವರಣದೊಳಗೆ ತಾರಾಲಯವಿದೆ, ವಿದ್ಯಾರ್ಥಿಗಳೇ ಹೊರತರುವ 'ಲಾ ವೋಜ್' ಎಂಬ ಪತ್ರಿಕೆಯಿದೆ. ಕಡಿಮೆ ಶುಲ್ಕದಲ್ಲಿ ಇಲ್ಲಿ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಬರ್ಕ್ಲಿಯಂಥ ವಿಶ್ವವಿದ್ಯಾಲಯಕ್ಕೆ ದಾಟುವವರಿದ್ದಾರೆ. ಮಧ್ಯಮ ವರ್ಗದ ತಂದೆತಾಯಿಗೆ ಇದೆಂಥ ದೊಡ್ಡ ಆಸರೆ!

ಆದರೆ ದಾಟುವುದಕ್ಕೆ ಗಡುವುಗಳಿವೆ. ಮುಂದಿನ ಶರತ್ಕಾಲದ ಪ್ರವೇಶಕ್ಕೆ, ಬರ್ಕ್ಲಿಯೂ ಸೇರಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವರ್ಗಾವಣೆ ಅರ್ಜಿಯನ್ನು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲೇ ಸಲ್ಲಿಸಬೇಕು. ಅದು ತಪ್ಪಿದರೆ ಹೆಚ್ಚಿನವರಿಗೆ ವರ್ಷವೇ ಹೋದಂತೆ.

ನಿಮ್ಮ ಪತ್ರಿಕೆಯಲ್ಲಿ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವದ ವರದಿಗಳ ಪಕ್ಕದಲ್ಲಿ ಇಂಥ ಕಾಲೇಜುಗಳ ಪ್ರವೇಶದ ದಿನಾಂಕ, ಸಂಜೆ ತರಗತಿ, ತಾರಾಲಯದ ಪ್ರದರ್ಶನಗಳ ವಿವರವನ್ನೂ ಮುಂಚಿತವಾಗಿಯೇ ಅಚ್ಚು ಮಾಡಬೇಕೆಂದು ಕೋರಿಕೆ. ಸೆಪ್ಟೆಂಬರ್ ಸಂಚಿಕೆಯಲ್ಲಿ ಬಂದರೆ ಅರ್ಜಿಗೆ ಸಮಯ ಸಿಗುತ್ತದೆ.

ಇಂತಿ,
ಪತ್ರಿಕೆಯ ಓದುಗರು