ವಿಳಾಸದಲ್ಲೇ ಭಾಷೆ ಇರಲಿ



ಕಳೆದ ಮಳೆಗಾಲದ ಮಾತು. ಅಡಿಕೆಗೆ ಕೊಳೆರೋಗದ ಎರಡನೇ ಸಿಂಪರಣೆಯ ಸಮಯ. ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು (ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್) ನಮ್ಮ ಸಂಘದ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿದ್ದೆವು. ಕನ್ನಡದ ಪುಟವನ್ನು ತೆರೆದು, ಅದರ ವಿಳಾಸವನ್ನು ಸದಸ್ಯರೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಮರುದಿನ ಅವರು ಕಚೇರಿಗೇ ಬಂದರು. "ಕಾರ್ಯದರ್ಶಿಗಳೇ, ನೀವು ಕಳಿಸಿದ್ದು ಪೂರಾ ಇಂಗ್ಲಿಷು. ಓದಿ ಹೇಳೋರು ಯಾರೂ ಮನೇಲಿರಲಿಲ್ಲ" ಎಂದರು. ಮಳೆ ಬಿಡುವು ಕೊಟ್ಟಿದ್ದ ಒಂದು ದಿನ ಹೀಗೆ ವ್ಯರ್ಥವಾಯಿತು.

ತಪ್ಪು ಅವರದ್ದಲ್ಲ, ಅವರ ಫೋನಿನದ್ದೂ ಅಲ್ಲ. ನಮ್ಮ ತಾಣದಲ್ಲಿ ‘ಕನ್ನಡ’ ಎಂಬುದನ್ನು ಒತ್ತಿದಾಗ, ಆ ಆಯ್ಕೆ ನನ್ನ ಫೋನಿನಲ್ಲೊಂದು ಸಣ್ಣ ಚೀಟಿಯಾಗಿ ಉಳಿಯುತ್ತದೆ. ಇದಕ್ಕೆ ಕುಕೀ ಎನ್ನುತ್ತಾರೆ. ಪುಟದ ವಿಳಾಸ ಮಾತ್ರ ಎರಡೂ ಭಾಷೆಗೆ ಒಂದೇ. ವಿಳಾಸ ಕಳಿಸಿದಾಗ ಚೀಟಿ ಜೊತೆಗೆ ಹೋಗುವುದಿಲ್ಲ. ಚೀಟಿ ಇಲ್ಲದ ಕಡೆ ತಾಣವು ಫೋನು ಯಾವ ಭಾಷೆಗೆ ಹೊಂದಿಸಿದೆ ಎಂದು ನೋಡುತ್ತದೆ. ನಮ್ಮಲ್ಲಿ ಹಲವರ ಫೋನು ಅಂಗಡಿಯಿಂದ ಬಂದಂತೆಯೇ ಇಂಗ್ಲಿಷಿನಲ್ಲಿರುತ್ತದೆ, ಪುಟವೂ ಇಂಗ್ಲಿಷಾಗುತ್ತದೆ.

ಮಂಡಿಗೆ ಅಡಿಕೆ ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಯಾರ ಮಾಲು, ರಾಶಿಯೋ ಬೆಟ್ಟೆಯೋ ಎಂಬುದು ಚೀಲದ ಮೇಲೇ ಬರೆದಿರಬೇಕು. ಗುಮಾಸ್ತನ ನೆನಪನ್ನು ನಂಬಿ ಚೀಲ ಬಿಟ್ಟುಬರುವವರುಂಟೇ?

ಆದುದರಿಂದ ಭಾಷೆಯ ಗುರುತು ವಿಳಾಸದಲ್ಲೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡಕ್ಕೆ ಕೆಎನ್, ಇಂಗ್ಲಿಷಿಗೆ ಇಎನ್ ಎಂಬ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತಗಳಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ವಿಳಾಸ ಕೆಎನ್ ಎಂದೇ ಮೊದಲಾಗುತ್ತದೆ. ನಮ್ಮಂಥ ಸಣ್ಣ ಸಂಘಕ್ಕೆ ತಾಣದ ಹೆಸರಿನ ಮುಂದೆ ಒಂದು ಓರೆಗೆರೆ, ಅದರ ಮುಂದೆ ಕೆಎನ್ ಎಂದಿದ್ದರೆ ಸಾಕು. ಆಗ ಆ ವಿಳಾಸವನ್ನು ಯಾರು ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ ಬರುತ್ತದೆ.

ಜೊತೆಗೆ ಇನ್ನು ಮೂರು ಸಂಗತಿಗಳು ಅಗತ್ಯ. ಒಂದು, ಕಾಂಡಕೊರಕದ ಪುಟ ಓದುತ್ತಿರುವವರು ಭಾಷೆ ಬದಲಿಸಿದರೆ ಅದೇ ಪುಟ ಇನ್ನೊಂದು ಭಾಷೆಯಲ್ಲಿ ಬರಬೇಕು, ಹೆಬ್ಬಾಗಿಲಿಗೆ ತಳ್ಳಬಾರದು. ಎರಡು, ಈ ಪತ್ರಿಕೆಯಲ್ಲಿ ಹಿಂದೆ ಅಚ್ಚಾದ ವಿಳಾಸಗಳು ಸಾಯಬಾರದು. ತಾವಾಗಿ ಹೊಸ ವಿಳಾಸಕ್ಕೆ ಕರೆದೊಯ್ಯಬೇಕು. ಮೂರು, ಎರಡು ಪುಟಗಳೂ ಒಂದೇ ವಿಷಯದ ಜೋಡಿ ಎಂಬ ಸೂಚನೆ ಒಳಗೆ ಇರಬೇಕು. ಗೂಗಲ್ ಇಂಥ ಸೂಚನೆಯನ್ನು 2011ರಿಂದ ಪರಿಗಣಿಸುತ್ತಿದೆ. ಒಂದೇ ವಿಳಾಸದ ಹಿಂದೆ ಅಡಗಿರುವ ಕನ್ನಡ ಪುಟ ಹುಡುಕುವವರಿಗೆ ಸಿಗುವುದೇ ಕಷ್ಟ.

"ಫೋನೇ ಭಾಷೆ ತಿಳಿದುಕೊಳ್ಳುತ್ತದೆ, ಎರಡೆರಡು ವಿಳಾಸ ಯಾಕೆ?" ಎಂದು ನಿರ್ದೇಶಕರೊಬ್ಬರು ಕೇಳಿದ್ದಾರೆ. ಬರಿಯ ಹೆಬ್ಬಾಗಿಲಿಗೆ ಬಂದವರಿಗೆ ಅಂಥ ಊಹೆ ಆಗಬಹುದು; ಕೆಎನ್ ಎಂದು ಕೇಳಿಯೇ ಬಂದವರ ಮೇಲೆ ಅದನ್ನು ಹೇರಬಾರದು. ಇನ್ನೊಬ್ಬ ಮಿತ್ರರು ಇಡೀ ವಿಳಾಸವೇ ಕನ್ನಡ ಲಿಪಿಯಲ್ಲಿರಲಿ ಎನ್ನುತ್ತಾರೆ. ಅವರ ಅಭಿಮಾನಕ್ಕೆ ನಮಸ್ಕಾರ. ಆದರೆ ಮೂರಕ್ಷರದ ‘ಅಡಿಕೆ’ ಕಂಪ್ಯೂಟರಿನ ಲೆಕ್ಕದಲ್ಲಿ ಐದು ಚಿಹ್ನೆ. ನಕಲು ಮಾಡಿ ಕಳಿಸುವಾಗ ಅದು ಶೇಕಡಾ ಗುರುತುಗಳು ತುಂಬಿದ 45 ಅಕ್ಷರಗಳ ಸಾಲಾಗಿಬಿಡುವುದುಂಟು. ಅದನ್ನು ಅಚ್ಚು ಹಾಕುವಂತಿಲ್ಲ, ಫೋನಿನಲ್ಲಿ ಹೇಳುವಂತಿಲ್ಲ. ವಿಳಾಸ ಚಿಕ್ಕದಿರಲಿ, ಪುಟ ಅಚ್ಚ ಕನ್ನಡವಾಗಿರಲಿ.

ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಈ ವಿಷಯ ಇಡುತ್ತಿದ್ದೇನೆ. ಇದಕ್ಕೆ ಸ್ವಲ್ಪ ಖರ್ಚಿದೆ, ಮುಚ್ಚಿಡುವುದಿಲ್ಲ. ಆದರೆ ಸದಸ್ಯರ ಹಣದಲ್ಲಿ ಕನ್ನಡ ಪುಟ ಬರೆಸಿ, ಅದು ಸದಸ್ಯರಿಗೇ ತಲುಪದಂತೆ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ. ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲು ಕಚೇರಿಗೆ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ