ಮೀನಿಗಿಂತ ಮೊದಲು ನೀರು

ನಮ್ಮ ನಡುಮನೆಯಲ್ಲಿ ಇಪ್ಪತ್ತು ದಿನಗಳಿಂದ ಒಂದು ದೊಡ್ಡ ಗಾಜಿನ ತೊಟ್ಟಿ ಇದೆ. ನೀರಿದೆ, ಮರಳಿದೆ, ಗಿಡಗಳಿವೆ, ದೀಪ ಉರಿಯುತ್ತದೆ. ಮೀನು ಮಾತ್ರ ಇಲ್ಲ. ಬಂದವರೆಲ್ಲ ಗಾಜಿಗೆ ಮೂಗು ತಾಗಿಸಿ ಹುಡುಕಿ, “ಎಲ್ಲಿ ರಾಯರೇ ಮೀನು?” ಎನ್ನುತ್ತಾರೆ. ಐದನೇ ತರಗತಿಯ ನನ್ನ ಮೊಮ್ಮಗಳು, “ನಾವೀಗ ನೀರು ಸಾಕ್ತಾ ಇದ್ದೀವಿ” ಎಂದು ಗಂಭೀರವಾಗಿ ಹೇಳುತ್ತಾಳೆ.

ಈ ಉತ್ತರದ ಹಿಂದೆ ನನ್ನದೊಂದು ತಪ್ಪಿದೆ. ಮಕ್ಕಳೇ, ನಿಮ್ಮ ಅಜ್ಜಂದಿರು ಹೀಗೆ ಮಾಡದಂತೆ ನೋಡಿಕೊಳ್ಳಿ. ಹೋದ ವರ್ಷ ನಮ್ಮಲ್ಲಿ ಚಿಕ್ಕ ತೊಟ್ಟಿಯೊಂದಿತ್ತು, ಅದರಲ್ಲಿ ಎಂಟು ಜೀಬ್ರಾ ಮೀನು. ದೀಪಾವಳಿಗೆ ಮನೆಯೆಲ್ಲ ತೊಳೆಯುವಾಗ ನಾನು ಅದನ್ನೂ ಬಿಡಲಿಲ್ಲ. ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಫಿಲ್ಟರಿನ ಕಂದುಬಣ್ಣದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದೆ. ತೊಟ್ಟಿ ಫಳಫಳ! ಐದು ದಿನದೊಳಗೆ ಏಳು ಮೀನು ಸತ್ತವು. ಮೊಮ್ಮಗಳು ಅವನ್ನು ದಾಸವಾಳದ ಬುಡದಲ್ಲಿ ಹೂತಳು, ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಉಳಿದ ಒಂದನ್ನು ಪಕ್ಕದ ಮನೆಯವರ ತೊಟ್ಟಿಗೆ ಬಿಟ್ಟೆವು.

ಆಮೇಲೆ ತಿಳಿಯಿತು, ಆ ಕಂದು ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಕೆಲಸಗಾರರಿದ್ದರು. ಮೀನಿನ ಕಿವಿರಿನಿಂದ, ಮಲದಿಂದ, ಕೊಳೆತ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಬಹಳ ತಗ್ಗುತ್ತದೆ. ನಲ್ಲಿ ನೀರಿನ ಕ್ಲೋರಿನ್‌ನಿಂದ ನಾನು ಕೊಂದದ್ದು ಈ ಕೆಲಸಗಾರರನ್ನು.

ಹೊಸ ತೊಟ್ಟಿಗೆ ಜಾಗ ಹುಡುಕುವಾಗ ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಉತ್ತರ 252 ಲೀಟರ್ ಬಂತು. ಲೀಟರಿಗೆ ಒಂದು ಕಿಲೋ! ಗಾಜು, ಮರಳು ಸೇರಿದರೆ 300 ಕಿಲೋ ದಾಟುತ್ತದೆ. ಹಳೆಯ ಟೀವಿ ಮೇಜಿನ ಮೇಲೆ ಇಡುವ ನನ್ನ ಆಲೋಚನೆ ಅಲ್ಲಿಗೇ ಬಿತ್ತು. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮಟ್ಟ ನೋಡಿ, ಮೇಲೆ ಥರ್ಮೋಕೋಲ್ ಹಾಸಿ ತೊಟ್ಟಿ ಇಟ್ಟೆವು. ಕಿಟಕಿಯ ಬಿಸಿಲು ಬೀಳದ ಗೋಡೆಯೇ ಬೇಕು, ಇಲ್ಲವಾದರೆ ಪಾಚಿ ಕಟ್ಟುತ್ತದೆ.

ಕ್ಲೋರಿನ್ ತೆಗೆಯುವ ಔಷಧಿ ಹಾಕಿದ ನೀರು ತುಂಬಿ, ಫಿಲ್ಟರ್ ಹಚ್ಚಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತೇವೆ. ಅದು ಕೊಳೆತು ಅಮೋನಿಯಾ ಬರಲಿ, ಅದನ್ನು ತಿನ್ನುವವರು ಹುಟ್ಟಿ ಬೆಳೆಯಲಿ ಎಂದು. ಮೊಮ್ಮಗಳು ಎರಡು ದಿನಕ್ಕೊಮ್ಮೆ ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಔಷಧಿ ಬೆರೆಸಿ, ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪಕ್ಕದ ಮನೆಯ ತೊಟ್ಟಿಯ ಹಳೇ ಸ್ಪಂಜಿನ ಒಂದು ತುಂಡನ್ನೂ ನಮ್ಮ ಫಿಲ್ಟರಿಗೆ ಸೇರಿಸಿದ್ದೇವೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಎಂದಳು ಇವಳ ಅಜ್ಜಿ.

ಮುಂದೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿದರೆ ಸಾಕು. ಸ್ಪಂಜನ್ನು ಅಲುಬುವುದು ತೊಟ್ಟಿಯಿಂದ ತೆಗೆದ ನೀರಿನಲ್ಲೇ. ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು, ಅದೂ ದೊಡ್ಡವರೇ. ಸಾಕಲಾಗದ ಮೀನನ್ನು ಕೆರೆಗೆ ಮಾತ್ರ ಬಿಡಬೇಡಿ, ಹಾಗೆ ಬಿಟ್ಟ ಹೊರನಾಡಿನ ಮೀನುಗಳು ಕೆರೆಯ ಮೀನುಗಳಿಗೆ ಕಂಟಕವಾಗುತ್ತವೆ.

ಜೀಬ್ರಾ ಮೀನು ನಮ್ಮ ದೇಶದ್ದೇ, ಗೊತ್ತೇ? ಅದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿನಲ್ಲಿ 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದವರೂ ಅವರೇ.

ನಿನ್ನೆ ನಳಿಕೆಯಲ್ಲಿ ಅಮೋನಿಯಾದ ಬಣ್ಣ ಇಳಿದಿತ್ತು, ನೈಟ್ರೈಟ್ ಇನ್ನೂ ಏರಿಯೇ ಇದೆ. “ಇನ್ನೆರಡು ವಾರ ಅಜ್ಜಾ, ನೀನು ಏನನ್ನೂ ತೊಳೀಬೇಡ” ಎಂದಿದ್ದಾಳೆ. ಮೊದಲು ಬರುವುದು ಪಕ್ಕದ ಮನೆಯಲ್ಲಿರುವ ಆ ಎಂಟನೆಯ ಮೀನಂತೆ. ಅದಕ್ಕೆ ಜೊತೆಯಾಗಿ ಇನ್ನೈದು.